ಗುಂಪು ಸಿಬಿಟಿ: ಗುಂಪಿನ ಒಳಗತಿ ಮತ್ತು ಚಿಕಿತ್ಸೆಯ ಫಲ

ಅರಿವು-ವರ್ತನಾ ಚಿಕಿತ್ಸೆ, ಆಸ್ಪತ್ರೆಗಳ ಬಳಕೆಯಲ್ಲಿ ಸಿಬಿಟಿ, ಹುಟ್ಟಿದ್ದು ಇಬ್ಬರ ನಡುವಿನ ಮಾತುಕತೆಯಾಗಿ. ಮನಸ್ಸಿನಲ್ಲಿ ತಾನಾಗಿ ಮೂಡುವ ಯೋಚನೆಯನ್ನು ಹಿಡಿದು ನಿಲ್ಲಿಸುವುದು, ಅದಕ್ಕೆ ಪುರಾವೆ ಇದೆಯೇ ಎಂದು ಕೇಳುವುದು, ನಡವಳಿಕೆಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಏನಾಗುತ್ತದೆಂದು ನೋಡುವುದು ಅದರ ಕ್ರಮ. ಇದೇ ಚಿಕಿತ್ಸೆಯನ್ನು ಐದಾರು ಮಂದಿಯಿಂದ ಹತ್ತು ಹನ್ನೆರಡು ಮಂದಿಯವರೆಗೆ ಒಂದೇ ಕೋಣೆಯಲ್ಲಿ ಕೂರಿಸಿ, ಸಾಮಾನ್ಯವಾಗಿ ಇಬ್ಬರು ಚಿಕಿತ್ಸಕರು ನಡೆಸಿದರೆ ಅದು ಗುಂಪು ಸಿಬಿಟಿ. ಖಿನ್ನತೆ, ಸಾಮಾಜಿಕ ಆತಂಕ, ಗೀಳು ಕಾಯಿಲೆ, ಆಘಾತದ ನಂತರದ ಮನೋವ್ಯಾಧಿ, ದೀರ್ಘಕಾಲದ ಬೆನ್ನುನೋವು, ನಿದ್ರಾಹೀನತೆ, ಇಲ್ಲದ ದನಿಗಳು ಕೇಳಿಸುವ ತೊಂದರೆ ಮೊದಲಾದವುಗಳಿಗೆ ಇದನ್ನು ಬಳಸುತ್ತಾರೆ.

ಕೋಣೆಯಲ್ಲಿ ಹಲವರು ಕೂತೊಡನೆ ಕೈಪಿಡಿಯಲ್ಲಿ ಬರೆಯದ ಸಂಗತಿಗಳು ನಡೆಯತೊಡಗುತ್ತವೆ. ಯಾರೋ ಹೆಚ್ಚು ಮಾತಾಡುತ್ತಾರೆ, ಯಾರೋ ಬಾಯಿಯನ್ನೇ ಬಿಡುವುದಿಲ್ಲ. ಇಬ್ಬರು ಜೊತೆಯಾಗುತ್ತಾರೆ, ಮೂರನೆಯವರಿಗೆ ತಾವು ಹೊರಗುಳಿದೆವೆನ್ನಿಸುತ್ತದೆ. ತಡವಾಗಿ ಬಂದರೆ ಪರವಾಗಿಲ್ಲ ಎಂಬ ನಿಯಮವೊಂದು ಯಾರೂ ಹೇಳದೆಯೇ ಜಾರಿಗೆ ಬರುತ್ತದೆ. ನಂಬಿಕೆ, ಪೈಪೋಟಿ, ಅನುಕರಣೆ, ಮುನಿಸು, ಒಗ್ಗಟ್ಟು ಎಲ್ಲವೂ ಸೇರಿ ಗುಂಪಿಗೆ ತನ್ನದೇ ಒಂದು ನಡೆ ಬರುತ್ತದೆ. ಇದನ್ನು ಗುಂಪಿನ ಒಳಗತಿ ಎನ್ನಬಹುದು. ಗುಂಪು ಸಿಬಿಟಿಯನ್ನು ಬಹುಕಾಲ ಖರ್ಚು ಉಳಿಸುವ ಒಂದು ತರಗತಿಯೆಂದೇ ನೋಡಲಾಯಿತು: ಪಾಠ ಒಂದೇ, ಕೇಳುವವರು ಹೆಚ್ಚು. ಸಂಶೋಧನೆಯ ದಾಖಲೆ ಬೇರೆಯದನ್ನೇ ಹೇಳುತ್ತದೆ. ಒಳಗತಿ ಚಿಕಿತ್ಸೆಯನ್ನು ಬಲಪಡಿಸಬಲ್ಲದು, ಸಪ್ಪೆಯಾಗಿಸಬಲ್ಲದು, ಕೆಲವೊಮ್ಮೆ ತಿರುಗುಬಾಣವೂ ಆಗಿಸಬಲ್ಲದು.

ಎರಡು ಪರಂಪರೆಗಳು

ಗುಂಪು ಚಿಕಿತ್ಸೆಯ ಚರಿತ್ರೆ ಸಾಮಾನ್ಯವಾಗಿ ಬಾಸ್ಟನ್ನಿನಿಂದ ಆರಂಭವಾಗುತ್ತದೆ. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ಜೋಸೆಫ್ ಪ್ರಾಟ್ 1905ರಲ್ಲಿ ಬಡ ಕ್ಷಯರೋಗಿಗಳನ್ನು ಒಟ್ಟುಸೇರಿಸಿ ತರಗತಿ ನಡೆಸತೊಡಗಿದ. ಅವನ ಉದ್ದೇಶ ವಿಶ್ರಾಂತಿ, ಆಹಾರ, ಶುದ್ಧಗಾಳಿಯ ಪಾಠ ಹೇಳುವುದಷ್ಟೇ ಆಗಿತ್ತು. ರೋಗಿಗಳು ಪರಸ್ಪರ ಧೈರ್ಯ ತುಂಬುತ್ತಿದ್ದುದನ್ನು ಅವನು ಆಮೇಲೆ ಗಮನಿಸಿದ. ಪಾಠಕ್ಕೆಂದು ಕೂಡಿದ ಗುಂಪು ಪಾಠಕ್ಕಿಂತ ಹೆಚ್ಚಿನದನ್ನು ಮಾಡಿತೆಂಬ ಈ ಅನುಭವ ಮುಂದೆ ಗುಂಪು ಸಿಬಿಟಿಯಲ್ಲೂ ಮರುಕಳಿಸಿತು.

ಒಳಗತಿಯ ಅಧ್ಯಯನ ಬೇರೊಂದು ದಾರಿಯಲ್ಲಿ ಬೆಳೆಯಿತು. ಮನೋವಿಜ್ಞಾನಿ ಕುರ್ಟ್ ಲೆವಿನ್ 1945ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ತೆರೆದ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಸೈನಿಕರ ಗುಂಪುಗಳೊಡನೆ ಕೆಲಸ ಮಾಡಿದ ವಿಲ್ಫ್ರೆಡ್ ಬಿಯೋನ್, ಗುಂಪು ತನ್ನ ಕೆಲಸ ಬಿಟ್ಟು ನಾಯಕನಿಗೆ ಜೋತುಬೀಳುವುದು, ಜಗಳಕ್ಕೆ ನಿಲ್ಲುವುದು ಅಥವಾ ಓಡಿಹೋಗುವುದು, ಇಬ್ಬರ ಜೋಡಿಯಿಂದ ಪವಾಡ ನಿರೀಕ್ಷಿಸುವುದು ಹೇಗೆಂದು ವಿವರಿಸಿದ. ಅಮೆರಿಕದ ಇರ್ವಿನ್ ಯಾಲಮ್ 1970ರಲ್ಲಿ ಪ್ರಕಟಿಸಿದ ಗುಂಪು ಮನೋಚಿಕಿತ್ಸೆಯ ಗ್ರಂಥ ಈ ಕ್ಷೇತ್ರದ ಮೂಲಪಠ್ಯವಾಯಿತು. ನನ್ನಂಥವರು ಇನ್ನೂ ಇದ್ದಾರೆಂಬ ಅರಿವು, ಭರವಸೆ, ಇನ್ನೊಬ್ಬರಿಗೆ ನೆರವಾಗುವ ಸಂತೋಷ, ನೋಡಿ ಕಲಿಯುವುದು, ಒಗ್ಗಟ್ಟು ಮುಂತಾಗಿ ಹನ್ನೊಂದು ಗುಣಕಾರಿ ಅಂಶಗಳನ್ನು ಅವನು ಗುರುತಿಸಿದ.

ಸಿಬಿಟಿಯವರು ಈ ಪರಂಪರೆಯಿಂದ ದೂರವೇ ಉಳಿದಿದ್ದರು. ಆರನ್ ಬೆಕ್ ಮತ್ತು ಸಹೋದ್ಯೋಗಿಗಳು ಖಿನ್ನತೆಯ ಚಿಕಿತ್ಸೆ ಕುರಿತು 1979ರಲ್ಲಿ ತಂದ ಪ್ರಸಿದ್ಧ ಗ್ರಂಥದಲ್ಲಿ ಗುಂಪು ಚಿಕಿತ್ಸೆಗೆಂದು ಸ್ಟೀವನ್ ಹಾಲನ್ ಮತ್ತು ಬ್ರಯನ್ ಶಾ ಬರೆದ ಒಂದು ಅಧ್ಯಾಯವಿತ್ತು. ಆರೆಗನ್ನಿನಲ್ಲಿ ಪೀಟರ್ ಲೆವಿನ್‌ಸನ್ ರೂಪಿಸಿದ, ಎಂಟು ವಾರಗಳಲ್ಲಿ 12 ಬೈಠಕ್ಕುಗಳ ಖಿನ್ನತಾ ನಿಭಾವಣೆಯ ಕಾರ್ಯಕ್ರಮ ತನ್ನನ್ನು ತಾನು ‘ಕೋರ್ಸ್’ ಎಂದೇ ಕರೆದುಕೊಂಡಿತು. ಹಿಂದಿನ ವಾರದ ಹೋಂವರ್ಕ್ ನೋಡುವುದು, ಹೊಸ ಕೌಶಲ ಕಲಿಸುವುದು, ಮುಂದಿನ ವಾರಕ್ಕೆ ಹೋಂವರ್ಕ್ ಕೊಡುವುದು, ಇಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಕೋಣೆಯಲ್ಲಿ ಜನರ ನಡುವೆ ಏನು ನಡೆಯುತ್ತಿದೆ ಎಂಬುದು ಪಾಠಕ್ಕೆ ಅಡ್ಡಿಯಾದಾಗ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಈ ಎರಡು ಪರಂಪರೆಗಳನ್ನು ಕೂಡಿಸುವ ಗಂಭೀರ ಪ್ರಯತ್ನ ಕೆನಡದ ಪೀಟರ್ ಬೀಲಿಂಗ್, ರ‍್ಯಾಂಡಿ ಮೆಕೇಬ್ ಮತ್ತು ಮಾರ್ಟಿನ್ ಆಂಟನಿ 2006ರಲ್ಲಿ ತಂದ ಪುಸ್ತಕದಲ್ಲಿ ನಡೆಯಿತು. ತಂತ್ರ ಮತ್ತು ಒಳಗತಿ ಎರಡನ್ನೂ ಒಟ್ಟಿಗೆ ಹಿಡಿಯದೆ ಗುಂಪು ಸಿಬಿಟಿ ಪೂರ್ಣವಾಗದೆಂಬುದು ಅವರ ವಾದ.

ಗುಂಪಿಗೆ ಮಾತ್ರ ಸಾಧ್ಯವಾದದ್ದು

ಖಿನ್ನತೆಯಿರುವವರು ತಮ್ಮ ಸ್ಥಿತಿಯನ್ನು ಕಾಯಿಲೆಯೆಂದು ಕಾಣುವುದಕ್ಕಿಂತ ತಮ್ಮ ದೌರ್ಬಲ್ಯವೆಂದು ಕಾಣುವುದೇ ಹೆಚ್ಚು. ಇದು ನಿಮ್ಮ ತಪ್ಪಲ್ಲ ಎಂದು ಚಿಕಿತ್ಸಕರು ಎಷ್ಟು ಸಲ ಹೇಳಿದರೂ ಅದು ಸಂಬಳ ಪಡೆದು ಆಡುವ ಸಮಾಧಾನದ ಮಾತೆಂದು ಅನ್ನಿಸಬಹುದು. ಪಕ್ಕದ ಕುರ್ಚಿಯಲ್ಲಿ ಕೂತ, ನೋಡಲು ಸಮರ್ಥರಾಗಿಯೇ ಕಾಣುವ ಶಾಲಾ ಶಿಕ್ಷಕರೊಬ್ಬರು ತಾವೂ ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ನರಳಿದ್ದನ್ನು ಹೇಳಿದಾಗ ಅದೇ ಮಾತು ಪುರಾವೆಯಾಗುತ್ತದೆ. ಯಾಲಮ್ ಹೇಳಿದ ಸಮಾನ ದುಃಖದ ಅರಿವು ಸಿಬಿಟಿಯಲ್ಲಿ ಹೀಗೆ ಯೋಚನೆಯನ್ನು ಪರೀಕ್ಷಿಸುವ ಸಾಧನವಾಗಿ ಕೆಲಸ ಮಾಡುತ್ತದೆ.

ಎರಡನೆಯದು, ಇನ್ನೊಬ್ಬರ ಯೋಚನೆಯ ಡೊಂಕು ನಮಗೆ ಬೇಗ ಕಾಣುತ್ತದೆ. ಮಗನಿಗೆ ಕಡಿಮೆ ಅಂಕ ಬಂದದ್ದಕ್ಕೆ ತಾನು ಕೆಟ್ಟ ತಾಯಿ ಎಂದು ಒಬ್ಬರು ತೀರ್ಮಾನಿಸಿದರೆ, ಒಂದು ಪರೀಕ್ಷೆಯಿಂದ ಇಡೀ ತಾಯ್ತನವನ್ನೇ ಅಳೆಯುವುದು ಹೇಗೆಂದು ಉಳಿದವರು ಕೇಳುತ್ತಾರೆ. ಹಾಗೆ ಕೇಳಿದವರೇ ಮನೆಗೆ ಹೋದಮೇಲೆ ಅದೇ ಪ್ರಶ್ನೆಯನ್ನು ತಮಗೆ ಕೇಳಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬಲ್ಲರು. ಇಬ್ಬರೇ ಇರುವ ಚಿಕಿತ್ಸೆಯಲ್ಲಿ ರೋಗಿಗೆ ಈ ಅವಕಾಶ ಸಿಗುವುದು ಅಪರೂಪ. ಅಲ್ಲಿ ಅವರು ಯಾವಾಗಲೂ ನೆರವು ಪಡೆಯುವವರೇ. ತನ್ನಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು ಖಿನ್ನತೆಯ ತಿರುಳು ನಂಬಿಕೆಗಳಲ್ಲೊಂದು. ಇನ್ನೊಬ್ಬರಿಗೆ ನೆರವಾದ ಒಂದು ಸಂದರ್ಭ ಆ ನಂಬಿಕೆಯನ್ನು ನೇರವಾಗಿ ಸುಳ್ಳುಮಾಡುತ್ತದೆ.

ಹೋಂವರ್ಕಿನ ಮೇಲೂ ಗುಂಪಿನ ಕಣ್ಣಿರುತ್ತದೆ. ವಾರದಲ್ಲಿ ಮೂರು ದಿನ ನಡೆಯುತ್ತೇನೆಂದು ಏಳು ಜನರೆದುರು ಹೇಳಿದ ಮಾತಿಗೆ ತೂಕ ಬೇರೆ. ಆದರೆ ಇದೇ ಒತ್ತಡ ಹೋಂವರ್ಕ್ ಮಾಡದವರನ್ನು ನಾಚಿಕೆಯಿಂದ ಗೈರುಹಾಜರಾಗುವಂತೆಯೂ ಮಾಡಬಲ್ಲದು. ಮತ್ತೆ, ಇಬ್ಬರು ಮೂವರು ಮಾಡದೆ ಬಂದು ಯಾರೂ ಆ ಬಗ್ಗೆ ವಿಚಾರಿಸದಿದ್ದರೆ ನಾಲ್ಕನೆಯ ವಾರದ ಹೊತ್ತಿಗೆ ಯಾರೂ ಮಾಡುವುದಿಲ್ಲ. ಗುಂಪಿನ ನಿಯಮಗಳು ರೂಪುಗೊಳ್ಳುವುದು ಮೊದಲ ಎರಡು ಮೂರು ಬೈಠಕ್ಕುಗಳಲ್ಲಿ. ಅನುಭವಿ ಚಿಕಿತ್ಸಕರು ಆಗಲೇ ಹೆಚ್ಚು ಎಚ್ಚರದಿಂದಿರುವುದು ಇದಕ್ಕಾಗಿ.

ಸಾಮಾಜಿಕ ಆತಂಕ: ಕಠಿಣವಾದ ಪರೀಕ್ಷೆ

ಒಳಗತಿಯ ಪಾತ್ರ ಅತ್ಯಂತ ಸ್ಪಷ್ಟವಾಗಿ, ಅಷ್ಟೇ ಗೊಂದಲಕರವಾಗಿ ಕಾಣುವುದು ಸಾಮಾಜಿಕ ಆತಂಕದ ಗುಂಪುಗಳಲ್ಲಿ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯವೇ ಕಾಯಿಲೆಯಾಗಿರುವವರಿಗೆ ಚಿಕಿತ್ಸೆ ಕೊಡಲು ಆ ನಾಲ್ಕು ಜನರನ್ನೇ ಎದುರಿಗೆ ಕೂರಿಸುವುದು ಇಲ್ಲಿನ ಉಪಾಯ. ಅಮೆರಿಕದ ರಿಚರ್ಡ್ ಹೈಂಬರ್ಗ್ ರೂಪಿಸಿದ ಕ್ರಮದಲ್ಲಿ ಸುಮಾರು ಆರು ಸದಸ್ಯರು, ಇಬ್ಬರು ಚಿಕಿತ್ಸಕರು, ವಾರಕ್ಕೊಂದರಂತೆ ಎರಡೂವರೆ ಗಂಟೆಯ 12 ಬೈಠಕ್ಕುಗಳು. ಮೊದಲ ಎರಡರಲ್ಲಿ ಯೋಚನೆಗಳನ್ನು ಪರೀಕ್ಷಿಸುವ ಕ್ರಮ ಕಲಿಸುತ್ತಾರೆ. ಮೂರನೆಯದರಿಂದ ಪ್ರತಿಯೊಬ್ಬರೂ ತಾವು ಹೆದರುವ ಸನ್ನಿವೇಶವನ್ನು ಅಲ್ಲೇ ಅಭಿನಯಿಸಬೇಕು: ಭಾಷಣ, ಸಂದರ್ಶನ, ಅಪರಿಚಿತರೊಡನೆ ಮಾತು. ಉಳಿದ ಸದಸ್ಯರು ಸಭಿಕರಾಗುತ್ತಾರೆ, ಸಂದರ್ಶಕರಾಗುತ್ತಾರೆ. ನಿಮಿಷಕ್ಕೊಮ್ಮೆ ಸದಸ್ಯರು ತಮ್ಮ ಆತಂಕಕ್ಕೆ 0ರಿಂದ 100ರೊಳಗೆ ಅಂಕ ಕೊಡುತ್ತಾರೆ.

ಕೈ ನಡುಗಿದ್ದು ಎಲ್ಲರಿಗೂ ಕಾಣಿಸಿತು, ಎಲ್ಲರೂ ನನ್ನನ್ನು ಅಸಮರ್ಥನೆಂದುಕೊಂಡರು ಎಂದು ಒಬ್ಬರು ಹೇಳಿದರೆ ಆ ‘ಎಲ್ಲರೂ’ ಅಲ್ಲೇ ಇದ್ದಾರೆ, ಕೇಳಬಹುದು. ಅವರ ಉತ್ತರ ಯಾವ ಬಗೆಯದೆಂಬುದು ಇಲ್ಲಿ ನಿರ್ಣಾಯಕ. ತುಂಬಾ ಚೆನ್ನಾಗಿ ಮಾತಾಡಿದಿರಿ, ಏನೂ ಚಿಂತೆ ಮಾಡಬೇಡಿ ಎಂಬುದು ಒಳ್ಳೆಯ ಮನಸ್ಸಿನ ಮಾತು, ಆದರೆ ಚಿಕಿತ್ಸೆಗೆ ಅದರಿಂದ ಉಪಯೋಗ ಕಡಿಮೆ. ಪಾಪ, ನೊಂದುಕೊಂಡಾರೆಂದು ಹೇಳಿದರು ಎಂದು ಆತಂಕದ ಮನಸ್ಸು ಅದನ್ನು ತಳ್ಳಿಹಾಕುತ್ತದೆ. ಕೈ ನಡುಗಿದ್ದು ನಾನು ನೋಡಲಿಲ್ಲ, ಎರಡನೆಯ ವಾಕ್ಯದಲ್ಲಿ ನೀವು ತಡೆದದ್ದು ಕಂಡಿತು, ಆಮೇಲೆ ನಾನು ವಿಷಯದಲ್ಲೇ ಮುಳುಗಿದೆ ಎಂಬ ಮಾತು ಬೇರೆ. ಅದು ನಿರ್ದಿಷ್ಟ, ಅದರಲ್ಲಿ ಕಂಡದ್ದೂ ಇದೆ ಕಾಣದ್ದೂ ಇದೆ. ಗುಂಪಿನ ಬೆಚ್ಚನೆಯ ವಾತಾವರಣ ಇಂಥ ಪ್ರಾಮಾಣಿಕ ಮಾತಿಗೆ ಧೈರ್ಯ ಕೊಡಬೇಕು. ಬರೀ ಪರಸ್ಪರ ಸಾಂತ್ವನಕ್ಕೆ ಇಳಿದರೆ ಒಗ್ಗಟ್ಟು ಹೆಚ್ಚಿದಷ್ಟೂ ಭಯಕ್ಕೆ ಆಶ್ರಯ ಸಿಗುತ್ತದೆ.

ಹೈಂಬರ್ಗ್ ತಂಡ ಈ ಚಿಕಿತ್ಸೆಯನ್ನು ಹೋಲಿಸಿದ್ದು ಸುಮ್ಮನೆ ಕಾಯುತ್ತಿದ್ದ ರೋಗಿಗಳೊಡನೆ ಮಾತ್ರವಲ್ಲ, ಇನ್ನೊಂದು ಗುಂಪಿನೊಡನೆ. ಆ ಗುಂಪಿನಲ್ಲಿ ಮಾಹಿತಿ ಮತ್ತು ಬೆಂಬಲ ಇತ್ತು, ಸಿಬಿಟಿ ತಂತ್ರ ಇರಲಿಲ್ಲ. ಬರೀ ಗುಂಪಾಗಿ ಕೂಡುವುದೇ ಗುಣಕ್ಕೆ ಕಾರಣವಾದರೆ ಎರಡೂ ಸಮನಾಗಬೇಕಿತ್ತು. 1998ರಲ್ಲಿ ಪ್ರಕಟವಾದ, 133 ರೋಗಿಗಳ ಅಧ್ಯಯನದಲ್ಲಿ ಗುಂಪು ಸಿಬಿಟಿಯೂ ಫೆನೆಲ್ಜಿನ್ ಎಂಬ ಔಷಧಿಯೂ ಬೆಂಬಲದ ಗುಂಪನ್ನೂ ಹುಸಿಗುಳಿಗೆಯನ್ನೂ ಮೀರಿಸಿದವು. ಔಷಧಿ ಬೇಗ ಕೆಲಸ ಮಾಡಿತು, ಆದರೆ ಚಿಕಿತ್ಸೆ ನಿಂತ ಮೇಲೆ ಕಾಯಿಲೆ ಮರಳಿದ್ದು ಔಷಧಿಯವರಲ್ಲೇ ಹೆಚ್ಚು ಕಂಡಿತು. ಒಳಗತಿ ಒಂದೇ ಸಾಲದು, ಅದಕ್ಕೆ ತಂತ್ರದ ಆಸರೆ ಬೇಕು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪ್ರಮಾಣ ಸಿಗುವುದು ಕಷ್ಟ.

ಚಿತ್ರದ ಇನ್ನೊಂದು ಮಗ್ಗುಲೂ ಇದೆ. ಜರ್ಮನಿಯ ಉಲ್ರಿಚ್ ಸ್ಟಾಂಗಿಯರ್ ಮತ್ತು ಸಂಗಡಿಗರು ಡೇವಿಡ್ ಕ್ಲಾರ್ಕ್–ಏಡ್ರಿಯನ್ ವೆಲ್ಸ್ ಮಾದರಿಯ ಚಿಕಿತ್ಸೆಯನ್ನು ಒಬ್ಬೊಬ್ಬರಿಗೂ ಗುಂಪಿನಲ್ಲೂ ಕೊಟ್ಟು 2003ರಲ್ಲಿ ಹೋಲಿಸಿದಾಗ ಒಬ್ಬೊಬ್ಬರಿಗೆ ಕೊಟ್ಟದ್ದೇ ಮೇಲಾಯಿತು. ಈ ಮಾದರಿಯಲ್ಲಿ ರೋಗಿ ಸದ್ದಿಲ್ಲದೆ ಮಾಡಿಕೊಳ್ಳುವ ರಕ್ಷಣೋಪಾಯಗಳಿಗೆ ಮಹತ್ವ ಹೆಚ್ಚು: ಕಣ್ಣು ತಪ್ಪಿಸುವುದು, ಮಾತನ್ನು ಮನಸ್ಸಿನಲ್ಲೇ ಹತ್ತುಸಲ ತಾಲೀಮು ಮಾಡುವುದು, ಹಿಂದಿನ ಸಾಲಿನಲ್ಲಿ ಉಳಿಯುವುದು. ಎಂಟು ಜನರ ನಡುವೆ ಇವನ್ನು ಅಡಗಿಸಿಟ್ಟುಕೊಳ್ಳುವುದು ಸುಲಭ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ, ಸಾಮಾಜಿಕ ಆತಂಕಕ್ಕೆ ಒಬ್ಬೊಬ್ಬರಿಗೆ ಕೊಡುವ ಸಿಬಿಟಿಯ ಬದಲು ಗುಂಪು ಸಿಬಿಟಿಯನ್ನು ವಾಡಿಕೆಯಾಗಿ ಕೊಡಬಾರದೆಂದಿತು. ಅದೇ ಸಂಸ್ಥೆ 2022ರಲ್ಲಿ, ತೀವ್ರವಲ್ಲದ ಖಿನ್ನತೆಗೆ ಸುಮಾರು ಎಂಟು ಜನರ, ಎಂಟು ಬೈಠಕ್ಕುಗಳ ಗುಂಪು ಸಿಬಿಟಿಯನ್ನು ಮೊದಲ ಆಯ್ಕೆಗಳ ಸಾಲಿನಲ್ಲಿಟ್ಟಿತು. ಕಾಯಿಲೆ ಯಾವುದೆಂಬುದರ ಮೇಲೆ ಗುಂಪಿನ ಗುಣ ನಿಂತಿದೆ.

ಒಗ್ಗಟ್ಟಿನ ಲೆಕ್ಕ

ಒಳಗತಿಯ ಅಂಶಗಳಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಒಗ್ಗಟ್ಟು. ಸದಸ್ಯರು ಪರಸ್ಪರರೊಡನೆ, ಚಿಕಿತ್ಸಕರೊಡನೆ, ಇಡೀ ಗುಂಪಿನೊಡನೆ ಹೊಂದುವ ನಂಟು ಇದರಲ್ಲಿ ಸೇರುತ್ತದೆ. ಅಮೆರಿಕದ ಗ್ಯಾರಿ ಬರ್ಲಿಂಗೇಮ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಎಲ್ಲ ಚಿಕಿತ್ಸಾ ಪಂಥಗಳ 40 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಒಗ್ಗಟ್ಟಿಗೂ ಫಲಕ್ಕೂ 0.25ರ ಸಹಸಂಬಂಧ ಸಿಕ್ಕಿತು. 2018ರಲ್ಲಿ 55 ಅಧ್ಯಯನಗಳೊಂದಿಗೆ ಮತ್ತೆ ಮಾಡಿದಾಗ 0.26. ಸದಸ್ಯರ ನಡುವಿನ ಫಲಿತಾಂಶದ ವ್ಯತ್ಯಾಸದಲ್ಲಿ ನೂರಕ್ಕೆ ಆರೇಳು ಪಾಲು ಒಗ್ಗಟ್ಟಿನೊಡನೆ ಹೊಂದಿಕೊಂಡಿದೆ ಎಂದು ಇದರ ಅರ್ಥ. ಸಣ್ಣದೆನ್ನಿಸಬಹುದು, ಆದರೆ ಮನೋಚಿಕಿತ್ಸೆಯ ಸಂಶೋಧನೆಯಲ್ಲಿ ಇಷ್ಟು ಸ್ಥಿರವಾಗಿ ಮರಳಿ ಬರುವ ಅಂಕಿ ಬಹಳವಿಲ್ಲ. ಮೊದಲ ವಿಶ್ಲೇಷಣೆಯಲ್ಲಿ ಸಿಬಿಟಿ ಗುಂಪುಗಳ ಅಂಕಿ ಬೇರೆ ಪಂಥಗಳಿಗಿಂತ ಕಡಿಮೆಯಿತ್ತು, ಆದರೂ ಸೊನ್ನೆಯಾಗಿರಲಿಲ್ಲ. ಐದರಿಂದ ಒಂಬತ್ತು ಜನರ, 12ಕ್ಕಿಂತ ಹೆಚ್ಚು ಬೈಠಕ್ಕುಗಳ ಗುಂಪುಗಳಲ್ಲಿ ಈ ಸಂಬಂಧ ಬಲವಾಗಿ ಕಂಡಿತು.

ಒಂದೊಂದೇ ಅಧ್ಯಯನವನ್ನು ಹತ್ತಿರದಿಂದ ನೋಡಿದರೆ ಇಷ್ಟು ನೆಮ್ಮದಿಯಿಲ್ಲ. ಶೀಲಾ ವುಡಿ ಮತ್ತು ರಾಬಿನ್ ಅಡೆಸ್ಕಿ 2002ರಲ್ಲಿ ಸಾಮಾಜಿಕ ಆತಂಕದ ಸಿಬಿಟಿ ಗುಂಪುಗಳಲ್ಲಿ ಅಳೆದಾಗ ವಾರಗಳು ಕಳೆದರೂ ಒಗ್ಗಟ್ಟು ಹೆಚ್ಚಲಿಲ್ಲ, ಫಲಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಐದು ವರ್ಷದ ನಂತರ ಮಾರ್ಲೀನ್ ಟೌಬ್-ಶಿಫ್ ಮತ್ತು ಸಂಗಡಿಗರು ಅದೇ ಕಾಯಿಲೆಯ ಗುಂಪುಗಳಲ್ಲಿ ಒಗ್ಗಟ್ಟು ಹೆಚ್ಚಿದ್ದನ್ನೂ ಅದು ಫಲದೊಡನೆ ಹೊಂದಿಕೊಂಡದ್ದನ್ನೂ ಕಂಡರು. ಅಳತೆಯ ಪ್ರಶ್ನಾವಳಿಗಳು ಬೇರೆ ಬೇರೆ, ಭಾಗವಹಿಸಿದವರು ಕಡಿಮೆ, ಮತ್ತು ಗುಂಪುಗಳನ್ನು ನಡೆಸಿದ ಕೈಗಳೂ ಬೇರೆ. ಮೇಲಾಗಿ ಕಾರಣ ಯಾವುದು ಪರಿಣಾಮ ಯಾವುದೆಂಬ ಹಳೆಯ ಸಿಕ್ಕೂ ಇದೆ: ಗುಂಪು ಹತ್ತಿರವಾದ್ದರಿಂದ ಗುಣವಾಯಿತೋ, ಗುಣ ಕಾಣತೊಡಗಿದ್ದರಿಂದ ಗುಂಪಿನ ಮೇಲೆ ಪ್ರೀತಿ ಬಂತೋ? ಕೊನೆಯ ದಿನ ಒಂದೇ ಸಲ ಅಳೆದರೆ ಇದನ್ನು ಬಿಡಿಸಲಾಗದು. ಪ್ರತಿ ಬೈಠಕ್ಕಿನಲ್ಲೂ ಅಳೆದು, ಈ ವಾರದ ಒಗ್ಗಟ್ಟು ಮುಂದಿನ ವಾರದ ಆತಂಕವನ್ನು ಇಳಿಸುತ್ತದೆಯೇ ಎಂದು ನೋಡುವ ಅಧ್ಯಯನಗಳು ಈಚೆಗೆ ಬರತೊಡಗಿವೆ. ಈ ಕ್ಷೇತ್ರದ ಮುಂದಿನ ದಾರಿ ಅದೇ.

ಘರ್ಷಣೆಯ ವಿಚಾರವೂ ಇಷ್ಟೇ ಸೂಕ್ಷ್ಮ. ರಾಯ್ ಮೆಕೆಂಜಿ 1980ರ ದಶಕದಲ್ಲಿ ರೂಪಿಸಿದ ಗುಂಪು ವಾತಾವರಣದ ಪ್ರಶ್ನಾವಳಿ ತೊಡಗಿಸಿಕೊಳ್ಳುವಿಕೆ, ತಪ್ಪಿಸಿಕೊಳ್ಳುವಿಕೆ, ಘರ್ಷಣೆ ಎಂಬ ಮೂರನ್ನು ಅಳೆಯುತ್ತದೆ. ಸಿಬಿಟಿ ಗುಂಪು ಸಾಮಾನ್ಯವಾಗಿ ಎಂಟು ಹನ್ನೆರಡು ವಾರದ್ದು. ಬ್ರೂಸ್ ಟಕ್‌ಮನ್ 1965ರಲ್ಲಿ ವರ್ಣಿಸಿದ ಹಂತಗಳಲ್ಲಿ, ಅಂದರೆ ಕೂಡುವುದು, ಗುದ್ದಾಡುವುದು, ನಿಯಮಕ್ಕೆ ಬರುವುದು, ಕೆಲಸ ಮಾಡುವುದು ಇವುಗಳಲ್ಲಿ, ಎರಡನೆಯದನ್ನು ಅರಗಿಸಿಕೊಳ್ಳಲು ಇಷ್ಟು ಕಡಿಮೆ ವಾರಗಳಲ್ಲಿ ಪುರುಸೊತ್ತಿಲ್ಲ. ಮುನಿಸು ಹೊರಬಂದರೆ ಅದನ್ನು ಆ ದಿನವೇ ತೆರೆದು ಮಾತಾಡುವುದು ಒಳ್ಳೆಯದು. ಬೇಕೆಂದೇ ಘರ್ಷಣೆ ಎಬ್ಬಿಸುವುದು ಸಿಬಿಟಿ ಗುಂಪಿನ ಕೆಲಸವಲ್ಲ.

ಒಂದೇ ಕೈಪಿಡಿ, ಬೇರೆ ಫಲ

ಇಡೀ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಯಾಗಬೇಕಾದ ಒಂದು ಫಲಿತಾಂಶ ಲಂಡನ್ನಿನಿಂದ ಬಂದಿದೆ. ಟಿಲ್ ವೈಕ್ಸ್ ಮತ್ತು ಸಂಗಡಿಗರು ಸ್ಕಿಜೋಫ್ರೀನಿಯದಲ್ಲಿ ಇಲ್ಲದ ದನಿಗಳು ಕೇಳಿಸುವ 85 ಜನರಲ್ಲಿ ಗುಂಪು ಸಿಬಿಟಿಯನ್ನು ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದರು. ಸಾಮಾಜಿಕ ನಡವಳಿಕೆ ಸುಧಾರಿಸಿತು. ದನಿಗಳ ತೀವ್ರತೆಯ ಮೇಲೆ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಆದರೆ ಗುಂಪುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕೆಲವು ಗುಂಪುಗಳಲ್ಲಿ ದನಿಗಳು ಇಳಿದಿದ್ದವು, ಕೆಲವುಗಳಲ್ಲಿ ಇಳಿದಿರಲಿಲ್ಲ. ಇಳಿದ ಗುಂಪುಗಳಲ್ಲಿ ಕೆಲವನ್ನು ನಡೆಸಿದ್ದು ಸಿಬಿಟಿಯಲ್ಲಿ ಬಹಳ ಅನುಭವವಿದ್ದವರು. ಚಿಕಿತ್ಸೆಯ ಹೆಸರು ಒಂದೇ, ಕೈಪಿಡಿ ಒಂದೇ. ರೋಗಿಯ ಫಲವನ್ನು ನಿರ್ಧರಿಸಿದ್ದರಲ್ಲಿ ಅವರು ಯಾವ ಗುಂಪಿಗೆ ಬಿದ್ದರು ಎಂಬುದೂ ಸೇರಿತ್ತು.

ಇದು ಅಂಕಿಅಂಶದ ಲೆಕ್ಕಾಚಾರಕ್ಕೂ ತಟ್ಟುತ್ತದೆ. ಒಂದೇ ಗುಂಪಿನಲ್ಲಿ ಕೂತವರು ಪರಸ್ಪರ ಪ್ರಭಾವಕ್ಕೆ ಒಳಗಾಗುವುದರಿಂದ ಅವರ ಫಲಿತಾಂಶಗಳು ಒಂದನ್ನೊಂದು ಹೋಲುತ್ತವೆ. ಎಂಟು ಜನರ ಗುಂಪನ್ನು ಎಂಟು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ಸಾಕ್ಷ್ಯ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಸ್ಕಾಟ್ ಬಾಲ್ಡ್‌ವಿನ್, ಡೇವಿಡ್ ಮರ‍್ರೇ ಮತ್ತು ವಿಲಿಯಂ ಶಾಡಿಶ್ 2005ರಲ್ಲಿ, ಪರಿಣಾಮಕಾರಿ ಎಂದು ಮನ್ನಣೆ ಪಡೆದ ಗುಂಪು ಚಿಕಿತ್ಸೆಗಳ 33 ಅಧ್ಯಯನಗಳನ್ನು ಈ ದೋಷ ಸರಿಪಡಿಸಿ ಮತ್ತೆ ಲೆಕ್ಕಹಾಕಿದರು. ಯಾವ ಊಹೆ ಇಟ್ಟುಕೊಂಡರು ಎಂಬುದರ ಮೇಲೆ, 6ರಿಂದ 19 ಅಧ್ಯಯನಗಳಲ್ಲಿ ಅರ್ಥಪೂರ್ಣವೆನ್ನಬಹುದಾದ ಒಂದು ಫಲಿತಾಂಶವೂ ಉಳಿಯಲಿಲ್ಲ. ಒಳಗತಿಯನ್ನು ಕಡೆಗಣಿಸಿದ್ದಕ್ಕೆ ಸಂಶೋಧಕರು ತೆತ್ತ ಬೆಲೆ ಇದು. ಆ ಚಿಕಿತ್ಸೆಗಳು ನಿಷ್ಫಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವು ಸಫಲವೆಂಬ ಮಾತಿಗೆ ಇದ್ದ ಆಧಾರ ತೆಳುವಾಗಿತ್ತೆಂದು ಸಿದ್ಧವಾಗುತ್ತದೆ. ಹಾಗೆಯೇ, ಒಂದೇ ಚಿಕಿತ್ಸೆಯನ್ನು ಒಂದೇ ಬಗೆಯ ರೋಗಿಗಳಿಗೆ ಅಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ಗುಂಪಿಗೂ ಒಬ್ಬೊಬ್ಬರ ಚಿಕಿತ್ಸೆಗೂ ಸರಾಸರಿಯಲ್ಲಿ ವ್ಯತ್ಯಾಸವಿಲ್ಲವೆಂದು ಬರ್ಲಿಂಗೇಮ್ ತಂಡ 2016ರಲ್ಲಿ, 25 ವರ್ಷಗಳ ಅಧ್ಯಯನಗಳನ್ನು ಸೇರಿಸಿ ಹೇಳಿದ್ದನ್ನೂ ಜೊತೆಗಿಟ್ಟು ಓದಬೇಕು. ಆದರೆ ಸರಾಸರಿ ಎನ್ನುವುದು ಒಳ್ಳೆಯ ಗುಂಪನ್ನೂ ಕೆಟ್ಟ ಗುಂಪನ್ನೂ ಒಟ್ಟಿಗೆ ಕಲಸಿಬಿಡುತ್ತದೆ.

ಕಾಂಗೋ ಮತ್ತು ಅಮೆರಿಕದ ಸೇನಾನೆಲೆ

ಆಘಾತದ ನೆನಪುಗಳಿಗೆಂದು ಪೆಟ್ರೀಷಿಯಾ ರೆಸಿಕ್ ರೂಪಿಸಿದ ಸಂಸ್ಕರಣಾ ಚಿಕಿತ್ಸೆ ಸಿಬಿಟಿಯ ಒಂದು ಕವಲು. ಅದನ್ನು ಗುಂಪಿನಲ್ಲಿ ಬಳಸಿದ ಎರಡು ದೊಡ್ಡ ಪ್ರಯೋಗಗಳು ಪರಸ್ಪರ ಎದುರಾಗಿ ನಿಲ್ಲುತ್ತವೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ 405 ಮಹಿಳೆಯರಲ್ಲಿ ನಡೆದ, 2013ರಲ್ಲಿ ಜುಡಿತ್ ಬಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಆರರಿಂದ ಎಂಟು ಮಹಿಳೆಯರ ಗುಂಪುಗಳಿದ್ದವು. ಅವನ್ನು ನಡೆಸಿದವರು ವಿಶೇಷ ತರಬೇತಿ ಪಡೆದ ಸ್ಥಳೀಯ ಸಹಾಯಕಿಯರು. ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುವ ಸಾಧ್ಯತೆಯಿದ್ದವರ ಪ್ರಮಾಣ ಗುಂಪು ಚಿಕಿತ್ಸೆಯ ಹಳ್ಳಿಗಳಲ್ಲಿ ಶೇ. 71ರಿಂದ ಶೇ. 10ಕ್ಕೆ ಇಳಿಯಿತು. ಒಬ್ಬೊಬ್ಬರಿಗೆ ಬರೀ ಬೆಂಬಲ ಸಿಕ್ಕ ಹಳ್ಳಿಗಳಲ್ಲಿ ಶೇ. 83ರಿಂದ ಶೇ. 53ಕ್ಕೆ.

ರೆಸಿಕ್ ತಂಡವೇ ಟೆಕ್ಸಾಸಿನಲ್ಲಿ 268 ಸೇವಾನಿರತ ಸೈನಿಕರಲ್ಲಿ ಅದೇ ಚಿಕಿತ್ಸೆಯನ್ನು ಗುಂಪಿನಲ್ಲೂ ಒಬ್ಬೊಬ್ಬರಿಗೂ ಕೊಟ್ಟು 2017ರಲ್ಲಿ ವರದಿ ಮಾಡಿತು. ಆಘಾತದ ಲಕ್ಷಣಗಳು ಹೆಚ್ಚು ಇಳಿದದ್ದು ಒಬ್ಬೊಬ್ಬರ ಚಿಕಿತ್ಸೆಯಲ್ಲಿ. ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಎರಡರಲ್ಲೂ ಸಮನಾಗಿ ಕಡಿಮೆಯಾದವು. ಎರಡು ಪ್ರಯೋಗಗಳ ಹೋಲಿಕೆಯ ಆಧಾರ ಬೇರೆಯಾದ್ದರಿಂದ ನೇರ ತೀರ್ಮಾನ ಸಲ್ಲದು. ಆದರೂ ಈ ಲೇಖಕನ ಎಣಿಕೆ ಹೀಗಿದೆ: ಅವಮಾನ ಮತ್ತು ಬಹಿಷ್ಕಾರವೇ ಗಾಯದ ಅರ್ಧಭಾಗವಾಗಿರುವಲ್ಲಿ, ಅದೇ ಗಾಯ ಹೊತ್ತ ನೆರೆಯವರ ನಡುವೆ ಕೂಡುವುದು ತಾನೇ ಔಷಧಿ. ಅಪರಾಧಿಭಾವದ ಒಂದು ನಿರ್ದಿಷ್ಟ ನೆನಪನ್ನು ಬಿಡಿಸಬೇಕಾದಲ್ಲಿ ಪ್ರತಿಯೊಬ್ಬರಿಗೂ ಸಿಗುವ ಹೊತ್ತು ಮುಖ್ಯ, ಮತ್ತು ಗುಂಪಿನಲ್ಲಿ ಆ ಹೊತ್ತು ಹಂಚಿಹೋಗುತ್ತದೆ. ಗುಂಪಿನಲ್ಲಿ ತಪ್ಪಿದ ಬೈಠಕ್ಕು ಮರಳಿ ಸಿಗುವುದೂ ಇಲ್ಲ.

ಗುಂಪು ಹಾನಿಮಾಡುವಾಗ

ಹೊತ್ತನ್ನೆಲ್ಲ ತಾವೇ ತಿನ್ನುವವರು, ನೆರವು ಬೇಡಿ ಪ್ರತಿ ಸಲಹೆಯನ್ನೂ ‘ಆಗಲಿಕ್ಕಿಲ್ಲ’ ಎಂದು ತಳ್ಳುವವರು ಪ್ರತಿ ಚಿಕಿತ್ಸಕರಿಗೂ ಪರಿಚಿತರು. ಇವರಿಂದ ಆಗುವ ನಷ್ಟ ಸಮಯದ್ದಷ್ಟೇ ಅಲ್ಲ. ಇಲ್ಲಿ ಏನೂ ಬದಲಾಗದು ಎಂಬ ಹತಾಶೆ ಕೋಣೆಗೆಲ್ಲ ಅಂಟುತ್ತದೆ, ಖಿನ್ನತೆಯ ಗುಂಪಿನಲ್ಲಂತೂ ಬೇಗ. ಹೋಲಿಕೆ ಇನ್ನೊಂದು ಅಪಾಯ. ತನಗಿಂತ ಮುಂದೆ ಹೋದವರನ್ನು ಕಂಡು ಕೆಲವರಿಗೆ ಹುರುಪು ಬಂದರೆ ಕೆಲವರಿಗೆ ತಾನಿಲ್ಲೂ ಸೋತೆನೆನ್ನಿಸುತ್ತದೆ. ಊಟದ ಕಾಯಿಲೆಗಳ ಗುಂಪಿನಲ್ಲಿ ಯಾರು ಹೆಚ್ಚು ಸಣಕಲು ಎಂಬ ಪೈಪೋಟಿಯೇ ಹುಟ್ಟಬಹುದು.

ಅತಿ ಗಂಭೀರ ಎಚ್ಚರಿಕೆ ಬಂದದ್ದು ಹದಿಹರೆಯದವರ ಅಧ್ಯಯನದಿಂದ. ಥಾಮಸ್ ಡಿಶಿಯನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪುಲೆಂ 1999ರಲ್ಲಿ ತೋರಿಸಿದಂತೆ, ದಾರಿತಪ್ಪುವ ಅಪಾಯವಿದ್ದ ಹುಡುಗ–ಹುಡುಗಿಯರನ್ನು ಒಟ್ಟುಗೂಡಿಸಿ ಕೌಶಲ ಕಲಿಸಿದ ಕಾರ್ಯಕ್ರಮವೊಂದರಲ್ಲಿ ಧೂಮಪಾನವೂ ಶಾಲೆಯಲ್ಲಿನ ದುರ್ವರ್ತನೆಯೂ ಹೆಚ್ಚಿದವು. ಪಾಠದಲ್ಲಿ ದೋಷವಿರಲಿಲ್ಲ. ಕಿಡಿಗೇಡಿತನದ ಕಥೆಗಳಿಗೆ ಗೆಳೆಯರು ಕೊಡುತ್ತಿದ್ದ ನಗೆಯ ಬಹುಮಾನ ಪಾಠಕ್ಕಿಂತ ಬಲವಾಗಿತ್ತು. ಯಾರನ್ನು ಯಾರ ಜೊತೆ ಕೂರಿಸುತ್ತೇವೆ ಎಂಬುದೂ ಚಿಕಿತ್ಸೆಯ ಭಾಗವೆಂದು ಆ ಮೇಲೆ ಯಾರೂ ಮರೆಯುವಂತಿಲ್ಲ.

ಆದ್ದರಿಂದ ಗುಂಪಿಗೆ ಮೊದಲು ಪ್ರತಿಯೊಬ್ಬರೊಡನೆ ಬೇರೆಯಾಗಿ ಮಾತಾಡಿ ಸಿದ್ಧಪಡಿಸುವುದು, ಗುಂಪಿಗೆ ಹೊಂದದವರಿಗೆ ಬೇರೆ ದಾರಿ ತೋರಿಸುವುದು, ಇಬ್ಬರು ನಡೆಸುವುದು, ಅವರಲ್ಲಿ ಒಬ್ಬರು ಪಾಠ ಹೇಳುವಾಗ ಇನ್ನೊಬ್ಬರು ಮುಖಗಳನ್ನು ನೋಡುತ್ತಿರುವುದು ಒಳ್ಳೆಯ ರೂಢಿ. ಇದೆಲ್ಲಕ್ಕಿಂತ ಮುಖ್ಯ ಕೌಶಲವೆಂದರೆ ಕೋಣೆಯಲ್ಲಿ ನಡೆದದ್ದನ್ನೇ ಸಿಬಿಟಿಯ ಸಾಮಗ್ರಿಯಾಗಿ ತಿರುಗಿಸುವುದು. ಒಬ್ಬರು ಆಕಳಿಸಿದ್ದನ್ನು ಕಂಡು ಮಾತಾಡುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ, ಆ ಕ್ಷಣ ಮನಸ್ಸಿನಲ್ಲಿ ಏನು ಹೊಳೆಯಿತೆಂದು ಕೇಳಿ, ಆಕಳಿಸಿದವರನ್ನೇ ವಿಚಾರಿಸಿ, ಊಹೆಯನ್ನು ಅಲ್ಲೇ ಪರೀಕ್ಷಿಸಬಹುದು. ಹತ್ತು ಹಾಳೆಯ ಹೋಂವರ್ಕಿಗಿಂತ ಆ ಐದು ನಿಮಿಷ ದೊಡ್ಡದು.

ಕರ್ನಾಟಕದ ಸಂದರ್ಭ

ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು, ಮತ್ತು ಬಹುತೇಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ಕ್ಕಿಂತ ಹೆಚ್ಚು. ತರಬೇತಾದ ಮನೋವಿಜ್ಞಾನಿಗಳು ನಗರಗಳಲ್ಲೇ ಗುಂಪುಗೂಡಿರುವಾಗ ಗುಂಪು ಚಿಕಿತ್ಸೆಯತ್ತ ಕಣ್ಣು ಹೋಗುವುದು ಸಹಜ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆಯ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಯಿರುವವರಿಗಾಗಿ ನಡೆಸಿದ ‘ಹೋಪ್’ ಅಧ್ಯಯನದಲ್ಲಿ ಊರಿನ ಮಟ್ಟದ ಆರೋಗ್ಯ ಗುಂಪುಗಳೂ ಇದ್ದವು. ಅವು ಪೂರ್ಣಾರ್ಥದ ಸಿಬಿಟಿ ಗುಂಪುಗಳಲ್ಲ, ಆದರೆ ಹಳ್ಳಿಯಲ್ಲಿ ಗುಂಪು ಕೂಡಿಸುವ ಕೆಲಸ ಸಾಧ್ಯವೆಂಬುದಕ್ಕೆ ಸಾಕ್ಷಿ.

ನಮ್ಮಲ್ಲಿ ಒಳಗತಿ ಕೆಲವು ಸ್ಥಳೀಯ ರೂಪಗಳನ್ನು ತಾಳುತ್ತದೆ. ತಾಲ್ಲೂಕು ಕೇಂದ್ರದ ಗುಂಪಿನಲ್ಲಿ ಇಬ್ಬರು ಸಂಬಂಧಿಕರೋ ಒಬ್ಬರ ಮನೆಯ ಸೊಸೆಯ ಪರಿಚಿತರೋ ಸಿಗುವುದು ಅಪರೂಪವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ರೋಗಿಯ ಗೌಪ್ಯತೆಯ ಹಕ್ಕನ್ನು ಮಾನ್ಯ ಮಾಡಿ ಆರೋಗ್ಯ ವೃತ್ತಿಯವರನ್ನು ಕಟ್ಟಿಹಾಕುತ್ತದೆ. ಪಕ್ಕದ ಕುರ್ಚಿಯವರನ್ನು ಕಟ್ಟಿಹಾಕುವುದು ಅವರು ಕೊಟ್ಟ ಮಾತೊಂದೇ. ವಯಸ್ಸು, ಜಾತಿ, ಹೆಣ್ಣು–ಗಂಡು ಎಂಬ ಅಂತರಗಳು ಯಾರು ಮೊದಲು ಮಾತಾಡಬೇಕು, ಹಿರಿಯರ ಯೋಚನೆಯನ್ನು ಕಿರಿಯರು ಪ್ರಶ್ನಿಸಬಹುದೇ ಎಂಬುದನ್ನು ನಿರ್ಧರಿಸಿಬಿಡುತ್ತವೆ. ಚಿಕಿತ್ಸಕರನ್ನು ಮೇಷ್ಟರಂತೆ ಕಂಡು ಉತ್ತರಕ್ಕಾಗಿ ಅವರ ಮುಖವನ್ನೇ ನೋಡುವ ಅಭ್ಯಾಸವೂ ಇದೆ. ಅಲ್ಲಿ ಸುಮ್ಮನಿದ್ದು ಪ್ರಶ್ನೆಯನ್ನು ಗುಂಪಿಗೇ ಹಿಂದಿರುಗಿಸುವ ತಾಳ್ಮೆ ಬೇಕು. ಪಾಶ್ಚಾತ್ಯ ಕೈಪಿಡಿಯನ್ನು ಕನ್ನಡಕ್ಕೆ ತಂದರೆ ಕೆಲಸ ಮುಗಿಯಲಿಲ್ಲ. ನಮ್ಮ ಗುಂಪುಗಳ ಒಳಗತಿಯನ್ನು ನಾವೇ ಅಳೆದು ಬರೆದಿಡಬೇಕು, ಯಾವ ಗುಂಪು ಫಲಿಸಿತು ಯಾವುದು ಫಲಿಸಲಿಲ್ಲ ಎಂಬುದನ್ನು ಸರಾಸರಿಯಲ್ಲಿ ಮುಚ್ಚದೆ ಪ್ರಕಟಿಸಬೇಕು.

ಗುಂಪು ಚಿಕಿತ್ಸೆಗೆ ಸೇರಲು ವೈದ್ಯರು ಸೂಚಿಸಿದವರು ಕೆಲವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು: ಎಷ್ಟು ಜನ, ಎಷ್ಟು ವಾರ, ನಡುವೆ ಹೊಸಬರು ಸೇರುತ್ತಾರೆಯೇ, ನಡೆಸುವವರು ಗುಂಪು ನಡೆಸುವುದರಲ್ಲಿಯೇ ತರಬೇತಿ ಪಡೆದಿದ್ದಾರೆಯೇ, ಅಲ್ಲಿ ಆಡಿದ ಮಾತು ಹೊರಹೋಗದಂತೆ ಏನು ಕಟ್ಟುಪಾಡಿದೆ, ಗುಂಪು ತನಗೆ ಹೊಂದದಿದ್ದರೆ ಬೇರೆ ಚಿಕಿತ್ಸೆಗೆ ದಾರಿಯಿದೆಯೇ. ಮೊದಲ ಎರಡು ವಾರ ಇರಿಸುಮುರಿಸಾಗುವುದು ಸಾಮಾನ್ಯ. ಅದನ್ನು ಗುಂಪಿನಲ್ಲೇ ಹೇಳಿ, ಮೂರನೆಯ ವಾರಕ್ಕೂ ಹೋಗಿ.